ಜೆಸಿಬಿ ಬರುವ ಮೊದಲು: ಹಳ್ಳಿಗಳ ಮಣ್ಣಿನ ರಚನೆಗಳೂ ಆಗದೆ ಉಳಿದ ಸಮೀಕ್ಷೆಯೂ

ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ದಾರಿಯಲ್ಲಿ, ಕುಡತಿನಿಯ ಹತ್ತಿರ, ಒಂದು ಬೂದಿಗುಡ್ಡವಿದೆ. ಅದರಲ್ಲಿ ಕೆತ್ತಿದ ಕಲ್ಲಿಲ್ಲ, ಕಂಬವಿಲ್ಲ, ಅಕ್ಷರವಿಲ್ಲ. ಮೊದಲ ಸಲ ನೋಡಿದವರಿಗೆ ಯಾರೋ ತಂದು ಸುರಿದ ರಾಶಿಯೆಂದೇ ಅನಿಸುತ್ತದೆ. ಆದರೆ ಕರ್ನಾಟಕದ ನೆಲದ ಮೇಲೆ ಮನುಷ್ಯರಿಂದ ಎದ್ದು ನಿಂತ ಅತಿ ಹಳೆಯ ದಿಬ್ಬಗಳಲ್ಲಿ ಇದೂ ಒಂದು. ನವಶಿಲಾಯುಗದ ದನಗಾಹಿಗಳು ಕ್ರಿಸ್ತಪೂರ್ವ ಮೂರನೆಯ ಸಹಸ್ರಮಾನದಿಂದ ಬಿಟ್ಟುಹೋದ ಇಂಥ ದಿಬ್ಬಗಳು ಬಳ್ಳಾರಿ, ಕೊಪ್ಪಳ, ರಾಯಚೂರು, ಯಾದಗಿರಿ ಕಡೆಯ ಬಯಲುಗಳಲ್ಲೂ ಗಡಿಯಾಚೆ ಅನಂತಪುರ, ಮಹಬೂಬ್‌ನಗರದ ಕಡೆಯೂ ನೂರಕ್ಕೂ ಮಿಕ್ಕಿ ದಾಖಲಾಗಿವೆ. ದಾಖಲಾದವೆಲ್ಲ ಇಂದು ಉಳಿದಿಲ್ಲ. ಉಳಿದವುಗಳಲ್ಲೂ ಇಡಿಯಾಗಿರುವವು ಕಡಿಮೆ.

ಇವುಗಳನ್ನು ಅರ್ಥ ಮಾಡಿಕೊಳ್ಳುವುದಕ್ಕೇ ನಮಗೆ ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಹಂಪಿಯ ಬಳಿಯ ನಿಂಬಾಪುರದ ದಿಬ್ಬವನ್ನು ಜನ ವಾಲಿಯನ್ನು ಸುಟ್ಟ ಜಾಗವೆಂದರು. ಹತ್ತೊಂಬತ್ತನೆಯ ಶತಮಾನದ ವಿದ್ವಾಂಸರಲ್ಲಿ ಕೆಲವರು ಜ್ವಾಲಾಮುಖಿಯ ಬೂದಿ ಎಂದರು, ಕೆಲವರು ಸತಿಹೋದವರ ಚಿತೆ ಎಂದರು. ಸುಟ್ಟ ಸಗಣಿ ಇದು, ಕಲ್ಲುಕೊಡಲಿಯ ಕಾಲದ ಜನರದು ಎಂದು ಹೇಳಿದವರು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್. ಆ ಮಾತು ಗಟ್ಟಿಯಾದದ್ದು 1957ರಲ್ಲಿ ಎಫ್. ಆರ್. ಆಲ್‌ಚಿನ್ ಉಟ್ನೂರಿನ ದಿಬ್ಬವನ್ನು ಪದರ ಪದರವಾಗಿ ಬಿಡಿಸಿದಾಗ. ಅಲ್ಲಿ ದೊಡ್ಡಿಯ ಬೇಲಿಗೆ ನೆಟ್ಟಿದ್ದ ಮರದ ಗೂಟಗಳ ಗುಳಿಗಳು ಸಿಕ್ಕವು. ಬೂದಿಯ ಮೇಲೆ ದನಗಳ ಗೊರಸಿನ ಗುರುತು ಹಾಗೇ ಉಳಿದಿತ್ತು. ಸಗಣಿ ಗುಡ್ಡೆಯಾದ ಮೇಲೆ ಕಾಲಕಾಲಕ್ಕೆ ಅದಕ್ಕೆ ಬೆಂಕಿಯಿಡುತ್ತಿದ್ದರು. ಬೆಂಕಿಯ ಕಾವು ಎಷ್ಟಿತ್ತೆಂದರೆ ಕೆಲವು ಪದರಗಳು ಗಾಜಿನಂತೆ ಕರಗಿ ಗಟ್ಟಿಯಾಗಿವೆ. ದನಗಳ ಹಬ್ಬಗಳಲ್ಲಿ ಬೆಂಕಿ ಹಾಕುವ ನಮ್ಮ ಕಡೆಯ ಪದ್ಧತಿಗೂ ಈ ಬೆಂಕಿಗೂ ಸಂಬಂಧವಿರಬಹುದೆಂದು ಆಲ್‌ಚಿನ್ ಊಹಿಸಿದರು. ಸಂಕ್ರಾಂತಿಯ ದಿನ ಹಸುಗಳನ್ನು ಕಿಚ್ಚು ಹಾಯಿಸುವ ಊರಿನವರಿಗೆ ಆ ಊಹೆ ದೂರದ್ದೆನಿಸದು.

ಮುಂದೆ ಕೆ. ಪದ್ದಯ್ಯನವರು ಸುರಪುರ ಸೀಮೆಯ ಕೊಡೇಕಲ್ಲು, ಬೂದಿಹಾಳಗಳಲ್ಲಿ ನಡೆಸಿದ ಉತ್ಖನನ, ಬೂದಿಗುಡ್ಡ ಬರೀ ದೊಡ್ಡಿಯಲ್ಲ, ಅದರ ಮಗ್ಗುಲಲ್ಲೇ ಜನ ಬಾಳಿದ ಊರು ಇತ್ತು ಎಂದು ತೋರಿಸಿತು. ಬೂದಿಹಾಳದಲ್ಲಿ ದನ ಕಡಿದು ಮಾಂಸ ಹಸನು ಮಾಡಿದ ನೆಲ ಸಿಕ್ಕಿತು, ಮಕ್ಕಳ ಸಮಾಧಿಗಳು ಸಿಕ್ಕವು. ಸಂಗನಕಲ್ಲು–ಕುಪ್ಪಗಲ್ಲಿನಲ್ಲಿ ರವಿ ಕೋರಿಶೆಟ್ಟರ್, ನಿಕೋಲ್ ಬೊಯಿವಿನ್, ಡೋರಿಯನ್ ಫುಲ್ಲರ್ ಮತ್ತು ಸಂಗಡಿಗರು ಅಗೆದ ಮಣ್ಣನ್ನು ನೀರಿನಲ್ಲಿ ಕದಡಿ, ತೇಲಿ ಬಂದ ಸುಟ್ಟ ಕಾಳುಗಳನ್ನು ಹೆಕ್ಕಿದರು. ಹುರುಳಿ, ಹೆಸರು, ಕೊರಲೆ! ದಕ್ಷಿಣ ಭಾರತ ಬೇಸಾಯವನ್ನು ಬೇರೆಯವರಿಂದ ಕಲಿತದ್ದಷ್ಟೇ ಅಲ್ಲ, ತಾನೇ ಕೆಲವು ಬೆಳೆಗಳನ್ನು ಪಳಗಿಸಿತು ಎಂಬ ವಾದ ನಿಂತಿರುವುದು ಇಂಥ ಕರಕಲು ಕಾಳುಗಳ ಮೇಲೆ. ಇದರಲ್ಲಿ ಯಾವುದೂ ಮೇಲಿನಿಂದ ನೋಡಿದರೆ ಕಾಣುವಂಥದ್ದಲ್ಲ. ಮಣ್ಣು ಇದ್ದಲ್ಲೇ, ಇದ್ದ ಕ್ರಮದಲ್ಲೇ ಇದ್ದರೆ ಮಾತ್ರ ಅದು ಏನಾದರೂ ಹೇಳುತ್ತದೆ. ಒಮ್ಮೆ ಬಕೆಟ್‌ನಲ್ಲಿ ಎತ್ತಿ ಟ್ರ್ಯಾಕ್ಟರಿಗೆ ಸುರಿದ ಮೇಲೆ ಅದೇ ಮಣ್ಣಿನಿಂದ ತಿಳಿಯುವುದು ಬಹಳ ಕಡಿಮೆ.

ಬೂದಿಗುಡ್ಡಗಳು ಕರಗುತ್ತಿರುವುದು ಹಾಗೆಯೇ. ಬೂದಿ ಒಳ್ಳೆಯ ಗೊಬ್ಬರ, ಅದಕ್ಕೇ ತಲೆಮಾರುಗಳಿಂದ ರೈತರು ಅದನ್ನು ಹೊಲಕ್ಕೆ ಹೊತ್ತಿದ್ದಾರೆ. ಎತ್ತಿನ ಗಾಡಿಯ ಕಾಲದಲ್ಲಿ ಒಂದು ದಿಬ್ಬ ಸವೆಯಲು ಹಲವು ದಶಕ ಬೇಕಿತ್ತು. ಈಗ ಕೆಲವು ದಿನ ಸಾಕು. ಸಂಗನಕಲ್ಲಿನ ಗುಡ್ಡಗಳನ್ನು ಕಲ್ಲುಕ್ವಾರಿ ಕಡಿದು ತಿಂದಿದೆ. ನವಶಿಲಾಯುಗದವರು ಕೊಡಲಿ ತಯಾರಿಸುತ್ತಿದ್ದ ನೆಲೆಯೂ ಗೂಳಿಗಳ ಚಿತ್ರ ಕೊರೆದ ಬಂಡೆಗಳೂ ಅದೇ ಗುಡ್ಡಗಳಲ್ಲಿವೆ.

ಪ್ರಶ್ನೆ ಬೂದಿಗುಡ್ಡಕ್ಕೆ ನಿಲ್ಲುವುದಿಲ್ಲ. ನಮ್ಮ ಹಳ್ಳಿಗಾಡಿನ ಚರಿತ್ರೆಯ ದೊಡ್ಡ ಪಾಲು ಕಟ್ಟಿರುವುದು ಮಣ್ಣಿನಲ್ಲಿ. ಕೆರೆಯ ಏರಿ, ಊರ ಸುತ್ತಿನ ಮಣ್ಣುಕೋಟೆ, ಹೂತುಹೋದ ಕಂದಕ, ಜನ ಬಿಟ್ಟುಹೋದ ಹಾಳೂರಿನ ದಿಬ್ಬ, ಹಳೆಯ ಕಾಲುವೆಯ ತಗ್ಗು, ಹೀಗೆ. ಇವಕ್ಕೆ ಕುತ್ತು ಬರುವುದು ದೊಡ್ಡ ಯೋಜನೆಗಳಿಂದಷ್ಟೇ ಅಲ್ಲ. ಹೂಳು ಎತ್ತುವ ಕೆಲಸ, ಏರಿ ಅಗಲ ಮಾಡಿ ರಸ್ತೆ ಹಾಕುವ ಕೆಲಸ, ಆಶ್ರಯ ನಿವೇಶನ, ಕೃಷಿಹೊಂಡ, ಜಮೀನು ಸಮತಟ್ಟು, ಶಾಲೆಯ ಆಟದ ಮೈದಾನ: ಪ್ರತಿಯೊಂದೂ ಚಿಕ್ಕದು, ಪ್ರತಿಯೊಂದೂ ಜನರಿಗೆ ಬೇಕಾದ್ದು. ಒಟ್ಟು ಸೇರಿದಾಗ ಅವು ಅಳಿಸಿಹಾಕುವ ಚರಿತ್ರೆ ಒಂದು ಅಣೆಕಟ್ಟು ಮುಳುಗಿಸುವುದಕ್ಕಿಂತ ಹೆಚ್ಚು ಎಂಬುದು ನನ್ನ ಖಚಿತ ಅಭಿಪ್ರಾಯ. ಅಣೆಕಟ್ಟು ಕಟ್ಟುವಾಗ ಕನಿಷ್ಠ ಪುರಾತತ್ವದವರನ್ನು ಕರೆಯುವ ರೂಢಿಯಾದರೂ ಇದೆ.

ಆ ರೂಢಿಯನ್ನು ಗಟ್ಟಿ ಮಾಡಿದ್ದು ನಾಗಾರ್ಜುನಕೊಂಡ. ಕೃಷ್ಣೆಗೆ ನಾಗಾರ್ಜುನಸಾಗರ ಕಟ್ಟುವುದು ನಿಶ್ಚಯವಾದಾಗ ಇಕ್ಷ್ವಾಕುಗಳ ರಾಜಧಾನಿ ವಿಜಯಪುರಿಯಿದ್ದ ಕಣಿವೆ ಪೂರ್ತಿ ಮುಳುಗುವುದು ಖಾತ್ರಿಯಾಯಿತು. 1954ರಿಂದ 1960ರವರೆಗೆ ಆರ್. ಸುಬ್ರಹ್ಮಣ್ಯಂ ಅವರ ನೇತೃತ್ವದಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆ ಅಲ್ಲಿ ನೂರಕ್ಕೂ ಹೆಚ್ಚು ನೆಲೆಗಳನ್ನು ಅಗೆದು ದಾಖಲಿಸಿತು. ಮುಖ್ಯವಾದ ಕಟ್ಟಡಗಳನ್ನು ನಡುಗಡ್ಡೆಯ ಮೇಲೂ ದಡದ ಅನುಪುವಿನಲ್ಲೂ ಮತ್ತೆ ಕಟ್ಟಿ ನಿಲ್ಲಿಸಿದರು. ಬನವಾಸಿಯ ಮಹಾರಾಜನನ್ನು ಮದುವೆಯಾದ ಇಕ್ಷ್ವಾಕು ರಾಜಕುಮಾರಿ ಕೊಡಬಲಿಸಿರಿಯ ಶಾಸನ ಸಿಕ್ಕಿದ್ದು ಈ ಕಣಿವೆಯಲ್ಲೇ. ಹಾಗಾಗಿ ಅಲ್ಲಿ ಮುಳುಗಿದ್ದು ನಮ್ಮ ಚರಿತ್ರೆಯೂ ಹೌದು. ಒಂದು ಮಾತು ಇಲ್ಲಿ ಮುಖ್ಯ. ಇಟ್ಟಿಗೆಯ ವಿಹಾರವನ್ನು, ಕಲ್ಲಿನ ಸ್ತೂಪವನ್ನು ಬಿಚ್ಚಿ ಬೇರೆಡೆ ಕಟ್ಟಬಹುದು. ಕೋಟೆಯ ಮಣ್ಣಿನ ದಂಡೆಯನ್ನು ಹಾಗೆ ಹೊತ್ತೊಯ್ಯಲಾಗದು. ಅದರ ಮಟ್ಟಿಗೆ ಬರೆದಿಟ್ಟದ್ದು, ಅಳೆದಿಟ್ಟದ್ದು ಮಾತ್ರ ಉಳಿಯುತ್ತದೆ.

ಕೃಷ್ಣಾ ಮೇಲ್ದಂಡೆ ಯೋಜನೆಯಲ್ಲೂ ಇದೇ ಕಂಡಿತು. ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯಮಂಟಪದ ಸುತ್ತ ಬಾವಿಯಂಥ ಎತ್ತರದ ಗೋಡೆ ಎಬ್ಬಿಸಿ ನಾರಾಯಣಪುರ ಜಲಾಶಯದ ನೀರು ಒಳಗೆ ಬಾರದಂತೆ ಕಾಪಾಡಿದ್ದಾರೆ. ಅದು ಆಗಲೇಬೇಕಿದ್ದ ಕೆಲಸ. ಆದರೆ ದಂಡೆಯುದ್ದಕ್ಕೂ ಮುಳುಗಿದ ಹಳ್ಳಿಗಳ ಹುಡೇವುಗಳಿಗೆ, ಅಗಸೆಗಳಿಗೆ, ಹಾಳೂರ ದಿಬ್ಬಗಳಿಗೆ ಅಂಥ ಗೋಡೆ ಯಾರೂ ಕಟ್ಟುವುದಿಲ್ಲ, ಕಟ್ಟಿರೆಂದು ಕೇಳುವುದೂ ನ್ಯಾಯವಲ್ಲ. ಅವಕ್ಕೆ ಬೇಕಿದ್ದದ್ದು ನೀರು ಬರುವ ಮುಂಚೆ ನಡೆದು ನೋಡಿ ಬರೆದಿಟ್ಟ ಒಂದು ನಕ್ಷೆ.

ಮಣ್ಣುಕೋಟೆಗಳ ಗತಿ ಇನ್ನೂ ಸಪ್ಪೆ. ಕಲ್ಲುಕೋಟೆಯ ಒಳಗೆ ಒಂದು ಕಾಲದಲ್ಲಿ ಮಣ್ಣುಕೋಟೆಯಿತ್ತೆಂಬುದನ್ನೇ ನಾವು ಮರೆಯುತ್ತೇವೆ. ಬೆಂಗಳೂರಿನದು 1537ರ ಹೊತ್ತಿಗೆ ಕೆಂಪೇಗೌಡರು ಕಟ್ಟಿಸಿದ ಮಣ್ಣಿನ ಕೋಟೆ, 1761ರಲ್ಲಿ ಹೈದರಾಲಿ ಅದರ ತೆಂಕಣ ಭಾಗಕ್ಕೆ ಕಲ್ಲು ಕೊಟ್ಟ. ದೇವನಹಳ್ಳಿಯದೂ ಮೊದಲು ಮಣ್ಣಿನದೇ, ಮಲ್ಲಬೈರೇಗೌಡರದು. ಇವು ಹೆಸರಾದವು. ಹೆಸರಾಗದ ನೂರಾರು ಊರುಗಳಲ್ಲಿ ಕೋಟೆಯೆಂದರೆ ಊರ ಹಿಂದಿನ ಒಂದು ಉಬ್ಬು, ಅದರಾಚೆ ಮಳೆಗಾಲದಲ್ಲಿ ನೀರು ನಿಲ್ಲುವ ಒಂದು ತಗ್ಗು. ಉಬ್ಬಿನ ಮಣ್ಣು ಮನೆಯ ಗೋಡೆಗೆ ಹೋಗುತ್ತದೆ, ತಗ್ಗಿಗೆ ಊರಿನ ಕಸ ಬೀಳುತ್ತದೆ. ಕಂದಾಯ ದಾಖಲೆಯಲ್ಲಿ ಜಾಗ ಖರಾಬು ಎಂದು ಬರೆದಿರುತ್ತದೆ. ಖರಾಬು ಎಂದರೆ ಯಾರದೂ ಅಲ್ಲ ಎಂದು ಲೆಕ್ಕ. ಹಾಗಾಗಿ ಅಂಗನವಾಡಿಗೋ ನೀರಿನ ಟ್ಯಾಂಕಿಗೋ ಜಾಗ ಹುಡುಕುವಾಗ ಮೊದಲು ಕಣ್ಣು ಬೀಳುವುದೇ ಅಲ್ಲಿ. ಬೇಚಿರಾಕ್ ಗ್ರಾಮಗಳ ಕಥೆಯೂ ಬೇರೆಯಲ್ಲ. ಜನವಸತಿ ಇಲ್ಲವೆಂದು ಸರ್ಕಾರವೇ ಪಟ್ಟಿ ಮಾಡಿಟ್ಟ ಈ ಊರುಗಳು ಪುರಾತತ್ವದವರಿಗೆ ಸಿದ್ಧವಾಗಿರುವ ಸೂಚಿ. ಪ್ಲೇಗಿಗೋ ಬರಕ್ಕೋ ದಂಡಿಗೋ ಬಿಟ್ಟುಹೋದ ಊರು ಯಾವ ಕಾಲದಲ್ಲಿ ಬರಿದಾಯಿತೆಂದು ಅಲ್ಲಿ ಬಿದ್ದ ಬೋಕಿಚೂರುಗಳೇ ಹೇಳಬಲ್ಲವು. ತಹಶೀಲ್ದಾರ್ ಕಚೇರಿಯ ಆ ಪಟ್ಟಿಯೂ ಪುರಾತತ್ವ ಇಲಾಖೆಯ ಕಡತವೂ ಒಂದೇ ಮೇಜಿಗೆ ಬರಬೇಕು.

ಕೆರೆಯ ವಿಷಯಕ್ಕೆ ಸ್ವಲ್ಪ ಹೆಚ್ಚು ಹೊತ್ತು ಕೊಡಬೇಕು, ಏಕೆಂದರೆ ಈ ಪ್ರಶ್ನೆಯ ಕಗ್ಗಂಟು ಇರುವುದು ಅಲ್ಲಿಯೇ. ಕರ್ನಾಟಕದಲ್ಲಿ 36 ಸಾವಿರಕ್ಕೂ ಹೆಚ್ಚು ಕೆರೆಗಳಿವೆ ಎಂಬುದು ಸಾಮಾನ್ಯವಾಗಿ ಕೊಡುವ ಲೆಕ್ಕ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಮಯೂರಶರ್ಮ ಕೆರೆ ಮಾಡಿಸಿದ್ದನ್ನು ಬಂಡೆಯ ಮೇಲಿನ ಪ್ರಾಕೃತ ಶಾಸನ ಹೇಳುತ್ತದೆ. ಕದಂಬ ಕಾಕುಸ್ಥವರ್ಮ ತಾಳಗುಂದದ ದೇವಾಲಯದ ಬಳಿ ಕೆರೆ ತೋಡಿಸಿದ್ದನ್ನು ಅಲ್ಲಿನ ಕಂಬ ಹೇಳುತ್ತದೆ. ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ಬುಕ್ಕರಾಯನ ಮಗ ಭಾಸ್ಕರ 1369ರಲ್ಲಿ ಹಾಕಿಸಿದ ಶಾಸನವಂತೂ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಆಗಬಾರದ ಆರು ದೋಷಗಳನ್ನೂ ಪಟ್ಟಿ ಮಾಡಿ, ಸಾವಿರ ಜನ ಆಳು, ನೂರು ಗಾಡಿ, ಎರಡು ವರ್ಷ ಎಂದು ಕೆಲಸದ ಲೆಕ್ಕವನ್ನೂ ಕೊಡುತ್ತದೆ. ಏರಿಯಿಂದ ನೀರು ಜಿನುಗುವುದು, ಚೌಳು ನೆಲ, ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಕಟ್ಟುವುದು, ಇವೆಲ್ಲ ಅದರಲ್ಲಿ ದೋಷಗಳು. ಇಂದಿನ ಎಂಜಿನಿಯರುಗಳೂ ತಲೆದೂಗಬೇಕಾದ ಪಟ್ಟಿ ಅದು.

ಆದರೆ ಕೆರೆ ಗೋರಿಯಲ್ಲ, ಬದುಕಿರುವ ವಸ್ತು. ಏರಿ ಪ್ರತಿ ತಲೆಮಾರಿನಲ್ಲೂ ಒಡೆದಿದೆ, ಮತ್ತೆ ಮಣ್ಣು ಬಿದ್ದಿದೆ, ಎತ್ತರ ಏರಿದೆ. ಗೋಡು ತೆಗೆದು ಹೊಲಕ್ಕೆ ಹಾಕುವುದು ಬೇಸಾಯದಷ್ಟೇ ಹಳೆಯ ರೂಢಿ. ಹೂಳು ತುಂಬಿದ ಕೆರೆಯನ್ನು ಸ್ಮಾರಕವೆಂದು ಮುಟ್ಟದೆ ಬಿಟ್ಟರೆ ಕೆರೆಯೂ ಸಾಯುತ್ತದೆ, ಅಚ್ಚುಕಟ್ಟಿನ ರೈತನೂ ಸೋಲುತ್ತಾನೆ. ಹಾಗಾಗಿ ಹಳೆಯ ಕೆರೆಯಲ್ಲಿ ಕೆಲಸವೇ ಬೇಡವೆನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಕೆಲಸ ಆಗಲಿ, ಹೇಗೆ ಎಂಬುದಷ್ಟೇ ನನ್ನ ಪ್ರಶ್ನೆ. ಏರಿಯನ್ನು ಒಂದೆಡೆ ಕತ್ತರಿಸುವುದು ತೂಬಿನ ದುರಸ್ತಿಗೆ ಅನಿವಾರ್ಯವಾದಾಗ, ಆ ಕತ್ತರಿಸಿದ ಮುಖದಲ್ಲಿ ಏರಿಯ ಪೂರ್ತಿ ಆಯುಷ್ಯ ಕಾಣುತ್ತದೆ. ಮೊದಲ ಏರಿಯ ಜಿಗುಟು ಮಣ್ಣು, ಒಡೆದಾಗ ತುಂಬಿದ ಬೇರೆ ಬಣ್ಣದ ಮಣ್ಣು, ಎತ್ತರಿಸಿದ ಪದರಗಳು, ಒಳಮೈಯ ಕಲ್ಲುಕಟ್ಟು. ಅರ್ಧ ದಿನ ಒಬ್ಬ ತಿಳಿದವರು ನಿಂತು ಅಳತೆ ಹಿಡಿದು ಚಿತ್ರ ಬರೆದರೆ, ಕೆರೆಯ ಸಾವಿರ ವರ್ಷದ ವೃತ್ತಾಂತ ಕೈಗೆ ಬರುತ್ತದೆ. ಮರುದಿನ ಕಾಂಕ್ರೀಟು ಬಿದ್ದ ಮೇಲೆ ಅದು ಯಾರಿಗೂ ಇಲ್ಲ. ಹಳೆಯ ಮದಗದ ಕಂಬಗಳು, ತೂಬಿನ ತೊಲೆಯ ಮೇಲಿನ ಅಕ್ಷರ, ಏರಿಯ ಮೇಲೆ ನಿಂತ ವೀರಗಲ್ಲು, ಮಾಸ್ತಿಗಲ್ಲುಗಳ ಗತಿಯೂ ಇದೇ. ಬಿ. ಎಲ್. ರೈಸ್ ಮೈಸೂರು ಸೀಮೆಯಲ್ಲಿ 8,869 ಶಾಸನಗಳನ್ನು ಓದಿಸಿ ಎಪಿಗ್ರಾಫಿಯಾ ಕರ್ನಾಟಿಕದ ಸಂಪುಟಗಳಲ್ಲಿ ಅಚ್ಚು ಮಾಡಿಸಿದರು. ಅವುಗಳಲ್ಲಿ ಅನೇಕ ಶಾಸನಗಳ ಗುರುತು ಕೆರೆಯ ಏರಿ, ಕೋಡಿ, ತೂಬಿನ ಲೆಕ್ಕದಲ್ಲೇ ಇದೆ. ಪಂಚಾಯಿತಿಯೊಂದು ಕೆರೆ ಕೆಲಸ ಕೈಗೆತ್ತಿಕೊಳ್ಳುವ ಮುನ್ನ ತನ್ನ ತಾಲ್ಲೂಕಿನ ಸಂಪುಟವನ್ನು ಒಮ್ಮೆ ತಿರುವಿ ಹಾಕಿದರೂ ಎಷ್ಟೋ ಕಲ್ಲುಗಳು ಉಳಿದಾವು.

ಕಾಯ್ದೆ ಏನು ಹೇಳುತ್ತದೆ? 1958ರ ಕೇಂದ್ರ ಕಾಯ್ದೆ ಪ್ರಾಚೀನ ಸ್ಮಾರಕದ ವ್ಯಾಖ್ಯೆಯಲ್ಲಿ ದಿಬ್ಬವನ್ನೂ ಸಮಾಧಿಸ್ಥಳವನ್ನೂ ಸೇರಿಸಿದೆ. ನೂರು ವರ್ಷ ಹಿಂದಿನ ಅವಶೇಷ ಇರಬಹುದೆಂದು ನಂಬಲು ಕಾರಣವಿರುವ ಜಾಗವೂ ಅದರ ಪ್ರಕಾರ ಪುರಾತತ್ವ ನೆಲೆಯಾಗಬಲ್ಲದು. ರಾಜ್ಯಕ್ಕೆ 1961ರ ತನ್ನದೇ ಕಾಯ್ದೆಯಿದೆ. ಆದರೆ ರಕ್ಷಣೆ ಸಿಗುವುದು ಅಧಿಸೂಚನೆ ಹೊರಟ ಸ್ಥಳಗಳಿಗೆ ಮಾತ್ರ, ಮತ್ತು ಆ ಪಟ್ಟಿಗಳಲ್ಲಿ ಎದ್ದು ಕಾಣುವುದು ಗುಡಿ, ಬಸದಿ, ಮಸೀದಿ, ಕಲ್ಲುಕೋಟೆ. ಅಧಿಸೂಚಿತವಲ್ಲದ ನೆಲದಲ್ಲಿ ಅಗೆಯುವ ಮುನ್ನ ಪುರಾತತ್ವ ಸಮೀಕ್ಷೆ ಆಗಲೇಬೇಕೆಂಬ ನಿಯಮ ಹಳ್ಳಿಯ ಸಣ್ಣ ಕಾಮಗಾರಿಗಳಿಗೆ ಇಲ್ಲ. 2006ರ ಪರಿಸರ ಪರಿಣಾಮ ಅಧಿಸೂಚನೆ ದೊಡ್ಡ ಯೋಜನೆಗಳನ್ನಷ್ಟೇ ಹಿಡಿಯುತ್ತದೆ, ಕೃಷಿಹೊಂಡ ಅದರ ಬಲೆಗೆ ಬೀಳದು.

ಇದರ ಜೊತೆಗೆ ಒಂದು ಭಯವಿದೆ, ಅದನ್ನು ಮುಚ್ಚಿಡಬಾರದು. 2010ರ ತಿದ್ದುಪಡಿಯಿಂದ ಕೇಂದ್ರದ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರು ನಿಷೇಧಿತ, ಅದರಾಚೆ 200 ಮೀಟರು ನಿಯಂತ್ರಿತ ಪ್ರದೇಶ. ಸ್ಮಾರಕದ ಮಗ್ಗುಲಿನ ಬಡವನಿಗೆ ಮನೆಯ ಗೋಡೆ ಎತ್ತಲೂ ಅನುಮತಿಗೆ ಅಲೆಯುವ ಪಾಡು. ಇದನ್ನು ಕಂಡ ಪಕ್ಕದೂರಿನವರು ತಮ್ಮ ಹೊಲದಲ್ಲಿ ಕಲ್ಲು ಸಿಕ್ಕರೆ ಸುಮ್ಮನೆ ಹೂಳುತ್ತಾರೆ. ಇನ್ನೊಂದು ಕಡೆ ನಿಧಿಗಳ್ಳರ ಕಾಟ. ದಿಬ್ಬದಲ್ಲಿ ಅಳತೆಪಟ್ಟಿ ಹಿಡಿದು ನಿಂತವರನ್ನು ಜನ ಅನುಮಾನದಿಂದ ನೋಡುವುದು ಸಹಜ. ಹಾಗಾಗಿ ಈ ಮಣ್ಣಿನ ರಚನೆಗಳಿಗೆ ನಾನು ಕೇಳುವುದು ಎಲ್ಲದಕ್ಕೂ ನಿಷೇಧದ ಬೇಲಿ ಅಲ್ಲ. ಕೆಲವು ಬೂದಿಗುಡ್ಡಗಳನ್ನು, ಸನ್ನತಿಯ ರಣಮಂಡಲದಂಥ ಕೋಟೆಯ ನೆಲೆಗಳನ್ನು ಗಟ್ಟಿಯಾಗಿ ಕಾಯಲೇಬೇಕು. ಉಳಿದ ಸಾವಿರಾರು ಕಡೆ ಕೆಲಸಕ್ಕೆ ಮೊದಲು ದಾಖಲೆ ಆಗಬೇಕು, ಕೆಲಸ ನಿಲ್ಲಬೇಕಿಲ್ಲ.

ಇಂಗ್ಲೆಂಡಿನಲ್ಲಿ ಈ ಹಾದಿ ತೆರೆದದ್ದು 1990ರಲ್ಲಿ. ಲಂಡನ್ನಿನ ರೋಸ್ ನಾಟಕಶಾಲೆಯ ಅವಶೇಷ 1989ರಲ್ಲಿ ಕಟ್ಟಡದ ಪಾಯದಡಿ ಸಿಕ್ಕು ಗಲಾಟೆಯಾದ ಮರುವರ್ಷ, ಅನುಮತಿ ಕೊಡುವ ಮುನ್ನವೇ ನೆಲದಲ್ಲಿ ಏನಿದೆಯೆಂದು ನೋಡಬೇಕು, ಅದರ ಖರ್ಚು ಕಟ್ಟುವವರದು ಎಂಬ ಮಾರ್ಗಸೂಚಿ ಬಂತು. ಅಲ್ಲಿನ ಹಳ್ಳಿಗಾಡಿನ ಹಳೆಯ ಉಳುಮೆಯ ಏರು-ತಗ್ಗುಗಳು, ಬಿಟ್ಟ ಊರಿನ ಅಡಿಪಾಯಗಳು ಹೀಗೆ ಸಾಲುಸಾಲಾಗಿ ದಾಖಲಾದವು. ನಮ್ಮಲ್ಲಿ ಹಳ್ಳಿ ಕೆಲಸದ ಕರ್ತೃ ಬಹುಪಾಲು ಸರ್ಕಾರವೇ. ಹಾಗಾಗಿ ಖರ್ಚು ಯಾರದು ಎಂಬ ಜಗಳವೇ ಇಲ್ಲ, ಅಂದಾಜುಪಟ್ಟಿಯಲ್ಲಿ ಒಂದು ಸಾಲು ಹೆಚ್ಚಿಸಿದರಾಯಿತು.

ಸಲಕರಣೆಗಳೂ ಬಹಳಷ್ಟು ಕೈಯಲ್ಲೇ ಇವೆ. ಗ್ರಾಮನಕಾಶೆಯಲ್ಲಿ ಕೋಟೆ, ಕಂದಕ, ಹಳೆಯ ಊರಿನ ಗುರುತುಗಳಿವೆ. 2020ರಲ್ಲಿ ಆರಂಭವಾದ ಸ್ವಾಮಿತ್ವ ಯೋಜನೆಯಡಿ ಗ್ರಾಮಠಾಣಾಗಳ ಮೇಲೆ ಡ್ರೋನ್ ಹಾರಿಸಿ ಮನೆಮನೆಯ ನಕ್ಷೆ ಮಾಡಲಾಗುತ್ತಿದೆ. ಆಸ್ತಿಹಕ್ಕಿಗಾಗಿ ತೆಗೆದ ಆ ಚಿತ್ರಗಳನ್ನೇ ತಿಳಿದವರು ನೋಡಿದರೆ ಊರ ಸುತ್ತಿನ ಕೋಟೆಯ ಬಳುಕು ಗೆರೆ ಎಷ್ಟೋ ಕಡೆ ಎದ್ದು ಬರುತ್ತದೆ. ಉದ್ಯೋಗ ಖಾತ್ರಿ ಕಾಮಗಾರಿಗಳಿಗೆ ಕೆಲಸಕ್ಕೆ ಮೊದಲು, ನಡುವೆ, ಮುಗಿದ ಮೇಲೆ ಎಂದು ಮೂರು ಹಂತದ ಜಿಯೋಟ್ಯಾಗ್ ಫೋಟೊ ತೆಗೆಯುವ ಪದ್ಧತಿ ಬಂದಿದೆ. ಮೊದಲ ಹಂತದ ಆ ಫೋಟೊ ಕಾಮಗಾರಿಯ ಲೆಕ್ಕಕ್ಕಷ್ಟೇ ಅಲ್ಲ, ನೆಲದ ಕೊನೆಯ ಚಿತ್ರವೂ ಆಗಬಹುದು. ಅದನ್ನು ಪುರಾತತ್ವ ಇಲಾಖೆಯವರು ಕಾಣುವಂತೆ ಮಾಡಬೇಕು. ಕೂಲಿಯವರ ಹಾರೆ-ಗುದ್ದಲಿಗೆ ಯಂತ್ರಕ್ಕಿಲ್ಲದ ಒಂದು ಗುಣವಿದೆ. ಕಲ್ಲಿಗೆ ತಾಗಿದರೆ ಕೈಗೆ ಗೊತ್ತಾಗುತ್ತದೆ. ರಾತ್ರೋರಾತ್ರಿ ಜೆಸಿಬಿ ಇಳಿಸಿ ಕೆಲಸ ಮುಗಿಸುವಲ್ಲಿ ಕೂಲಿಯ ಜೊತೆಗೆ ಈ ಎಚ್ಚರವೂ ಹೋಗುತ್ತದೆ.

ಉಳಿದದ್ದು ನಡಿಗೆ. ಸುಗ್ಗಿಯಾಗಿ ನೆಲ ಬರಿದಾದ ಮೇಲೆ, ಬೆಳಗಿನ ಓರೆಬಿಸಿಲಿನಲ್ಲಿ, ಸಣ್ಣ ಉಬ್ಬುತಗ್ಗೂ ನೆರಳು ಚೆಲ್ಲುತ್ತದೆ. ಉತ್ತ ಹೊಲದಲ್ಲಿ ಕಪ್ಪು-ಕೆಂಪು ಬೋಕಿ, ಕಬ್ಬಿಣದ ಕಿಟ್ಟ, ಬಳೆಚೂರು ಮೇಲೆ ಬಂದಿರುತ್ತವೆ. ತೊಂದರೆಯೆಂದರೆ ಆ ಬೇಸಿಗೆಯೇ ಕಾಮಗಾರಿಗಳ ಕಾಲವೂ ಹೌದು. ಸಮೀಕ್ಷೆ ಅದಕ್ಕೆ ಮುಂಚಿನ ಚಳಿಗಾಲದಲ್ಲಿ, ಗ್ರಾಮಸಭೆ ಕ್ರಿಯಾಯೋಜನೆ ಒಪ್ಪಿದ ಬೆನ್ನಿಗೇ ಆಗಬೇಕು. ಜೊತೆಗೆ ನೀರಗಂಟಿಯೂ ಕುರಿಗಾಹಿಯೂ ಇರಲೇಬೇಕು. ಯಾವ ತೂಬಿನ ಕೆಳಗೆ ಇನ್ನೊಂದು ತೂಬಿದೆ, ಯಾವ ದಿಬ್ಬದಲ್ಲಿ ಮಳೆ ಬಿದ್ದಾಗ ಮಣಿ ಸಿಗುತ್ತದೆ ಎಂಬುದು ಅವರಿಗೆ ತಿಳಿದಿರುತ್ತದೆ. ಹಂಪಿಯ ಸುತ್ತಿನ ಬಯಲಿನಲ್ಲಿ ಕ್ಯಾಥಲೀನ್ ಮಾರಿಸನ್ ಮತ್ತು ಕಾರ್ಲಾ ಸಿನೊಪೊಲಿ 1980ರ ದಶಕದ ಕೊನೆಯಿಂದ ಹೀಗೆ ಸಾಲುಹಿಡಿದು ನಡೆದು ನೂರಾರು ನೆಲೆಗಳನ್ನು ದಾಖಲಿಸಿದರು. ಅವುಗಳಲ್ಲಿ ಕೆರೆ, ಕಟ್ಟೆ, ಕಾಲುವೆಗಳು ಸಾಕಷ್ಟು. ಲಕ್ಷಾಂತರ ಜನ ನೋಡುವ ಹಂಪಿಯ ಗುಡಿಗಳನ್ನು ಸಾಕಿದ್ದು ಈ ಮಣ್ಣಿನ ಏರಿಗಳು ಎಂಬುದು ಆ ಕೆಲಸದಿಂದ ತಿಳಿಯಿತು.

ಇಷ್ಟೆಲ್ಲ ಮಾಡಲು ಜನ ಎಲ್ಲಿ ಎಂದು ಕೇಳಬಹುದು. ಚರಿತ್ರೆ, ಪುರಾತತ್ವ ಓದಿದ ಪದವೀಧರರು ಪ್ರತಿ ತಾಲ್ಲೂಕಿನಲ್ಲೂ ಕೆಲಸ ಕಾಯುತ್ತಿದ್ದಾರೆ. ತಾಲ್ಲೂಕಿಗೆ ಒಬ್ಬರನ್ನು ತಾಲ್ಲೂಕು ಪಂಚಾಯಿತಿಯಲ್ಲೇ ಕೂರಿಸಿ, ಕ್ರಿಯಾಯೋಜನೆಯ ಪಟ್ಟಿ ಅವರ ಕೈ ದಾಟಿ ಹೋಗುವಂತೆ ಮಾಡಿದರೆ ಸಾಕು. ಬಹುಪಾಲು ಕೆಲಸಗಳಿಗೆ ಅಡ್ಡಿಯಿಲ್ಲ ಎಂದು ಬರೆಯಲು ಒಂದು ದಿನ ಹಿಡಿಯದು.

ಎಲ್ಲಕ್ಕಿಂತ ಅವಸರದ್ದು ಕೃಷ್ಣಾ ಮೇಲ್ದಂಡೆಯ ಮೂರನೆಯ ಹಂತ. ಆಲಮಟ್ಟಿಯಲ್ಲಿ ನೀರು ನಿಲ್ಲಿಸುವ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಯೋಜನೆ ಇದು. ಆ ಎರಡು ಮಟ್ಟಗಳ ನಡುವಿನ ನೆಲ ಯಾವುದೆಂದು ನಕ್ಷೆಯ ಮೇಲೆ ಇವತ್ತೇ ಗೆರೆ ಎಳೆಯಬಹುದು. ಅಲ್ಲಿರುವುದು ಕೃಷ್ಣೆ, ಘಟಪ್ರಭೆಯ ದಂಡೆಯ ಎರೆನೆಲ, ಶಿಲಾಯುಗದಿಂದ ಆದಿಲಶಾಹಿಯವರೆಗೆ ಜನ ಬಿಡದೆ ಬಾಳಿದ ಸೀಮೆ. ಭೂಸ್ವಾಧೀನದ ಸರ್ವೆಯವರು ಮನೆ, ಮರ, ಬಾವಿ ಎಣಿಸಿ ಪರಿಹಾರ ಬರೆಯಲು ಪ್ರತಿ ಸರ್ವೆ ನಂಬರಿಗೂ ಹೋಗಲೇಬೇಕು. ಅದೇ ತಂಡದಲ್ಲಿ ಒಬ್ಬ ಪುರಾತತ್ವಜ್ಞರಿರಲಿ. ಮುಳುಗುವ ನೆಲದ ಜೊತೆಗೆ ಪುನರ್ವಸತಿ ಕೇಂದ್ರಗಳು ಏಳುವ ಜಾಗ, ಹೊಸ ಕಾಲುವೆಗಳು ಸೀಳಿಹೋಗುವ ಜಾಗವೂ ಅವರ ಪಟ್ಟಿಯಲ್ಲಿ ಇರಲಿ, ಏಕೆಂದರೆ ನೆಲ ಅಗೆಯುವ ಕೆಲಸ ಹೆಚ್ಚಾಗಿ ನಡೆಯುವುದು ಅಲ್ಲಿಯೇ.